ಎಂಟು ಬೋಲ್ಟುಗಳ ಪಾಠ

ಅಮೆರಿಕದ ಹಳ್ಳಿಗಾಡಿನ ಬದುಕಿಗೂ ಪಿಕಪ್ ಟ್ರಕ್ಕಿಗೂ ಬಿಡಿಸಲಾಗದ ನಂಟು. ಮುಂದೆ ಕಾರಿನಂಥ ಕ್ಯಾಬಿನ್ನು, ಹಿಂದೆ ಮೇಲ್ಛಾವಣಿಯಿಲ್ಲದ ಸರಕಿನ ತೊಟ್ಟಿ. ಹುಲ್ಲಿನ ಹೊರೆಯಿಂದ ಹಿಡಿದು ಹಳೆಯ ಮಂಚದವರೆಗೆ ಎಲ್ಲವೂ ಅದರಲ್ಲೇ ಸಾಗಬೇಕು. ಇಂಥದೊಂದು ಗಾಡಿ ಒಂದು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನು ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಪರೀಕ್ಷಿಸಿದರೆ ಪೆಟ್ರೋಲ್ ಪಂಪು ಕೆಟ್ಟಿರುವುದು ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಆ ಪಂಪು ಇರುವುದು ಪೆಟ್ರೋಲ್ ಟ್ಯಾಂಕಿನ ಒಳಗೆ. ಟ್ಯಾಂಕು ಇರುವುದು ತೊಟ್ಟಿಯ ಕೆಳಗೆ!

ಪಂಪನ್ನು ತಲುಪಲು ಎರಡು ದಾರಿಗಳಿವೆ. ಗಾಡಿಯ ಅಡಿಗೆ ನುಸುಳಿ ಟ್ಯಾಂಕನ್ನೇ ಕೆಳಗಿಳಿಸುವುದು ಒಂದು. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೊ ತೂಗುತ್ತದೆ. 80 ಲೀಟರ್ ತುಂಬಿದ್ದರೆ ಪೆಟ್ರೋಲಿನ ಭಾರವೇ 60 ಕಿಲೊ. ಅಷ್ಟು ಭಾರ, ಅದೂ ಬೆಂಕಿಗೆ ಹಸಿದು ಕುಳಿತ ಪದಾರ್ಥ, ಕೆಳಗೆ ಮಲಗಿದವನ ಎದೆಯ ಮೇಲೆ ತೂಗಾಡುವುದು ಸಣ್ಣ ಮಾತಲ್ಲ. ಇನ್ನೊಂದು ದಾರಿಯೆಂದರೆ ತೊಟ್ಟಿಯನ್ನೇ ಬಿಚ್ಚಿ ಮೇಲೆತ್ತುವುದು. ಕೇಳಲು ಭಾರಿ ಕೆಲಸವೆನಿಸಿದರೂ ತೊಟ್ಟಿಯನ್ನು ಹಿಡಿದಿರುವುದು ಸಾಮಾನ್ಯವಾಗಿ ಆರರಿಂದ ಎಂಟು ಬೋಲ್ಟುಗಳು ಮಾತ್ರ. ಅಲ್ಲಿನ ಎಷ್ಟೋ ಮನೆಗಳಲ್ಲಿ ರಜಾದಿನ ಅಪ್ಪ, ಮಕ್ಕಳು, ನೆರೆಯವರು ಸೇರಿ ಅಂಗಳದಲ್ಲೇ ಈ ಕೆಲಸ ಮುಗಿಸುತ್ತಾರೆ.

ನಡುವಿನ ಸಂದಿಯ ಗುಟ್ಟು

ಕ್ಯಾಬಿನ್ನಿಗೂ ತೊಟ್ಟಿಗೂ ಮಧ್ಯೆ ಒಂದೆರಡು ಬೆರಳು ತೂರುವಷ್ಟು ಸಂದಿ ಇರುತ್ತದೆ. ಇವೆರಡೂ ಒಂದಕ್ಕೊಂದು ಅಂಟಿಕೊಂಡಿಲ್ಲ. ಎರಡನ್ನೂ ಹೊತ್ತಿರುವುದು ಏಣಿಯಾಕಾರದ ಉಕ್ಕಿನ ಷಾಸಿ. ಇದಕ್ಕೆ ಚರಿತ್ರೆಯೂ ಉಂಟು. 1917ರಲ್ಲಿ ಫೋರ್ಡ್ ಕಂಪೆನಿ ಒಂದು ಟನ್ ಭಾರ ಹೊರುವ ‘ಮಾಡೆಲ್ ಟಿಟಿ’ ಷಾಸಿಯನ್ನು 600 ಡಾಲರಿಗೆ ಮಾರಾಟಕ್ಕೆ ತಂದಿತು. ಅದರ ಮೇಲೆ ಬೇಕಾದ ಬಾಡಿಯನ್ನು ಕೊಂಡವರೇ ಕಟ್ಟಿಸಿಕೊಳ್ಳಬೇಕಿತ್ತು. ಎಷ್ಟೋ ರೈತರು ತಮ್ಮ ಕಾರಿನ ಹಿಂಭಾಗವನ್ನು ಕಿತ್ತು ಮರದ ಪೆಟ್ಟಿಗೆ ಕೂರಿಸಿಕೊಂಡಿದ್ದರು. ಇದನ್ನು ಕಂಡ ಫೋರ್ಡ್, 1925ರಲ್ಲಿ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿದ ‘ಮಾಡೆಲ್ ಟಿ’ ಪಿಕಪ್ ಹೊರತಂದಿತು. ಅದರ ಬೆಲೆ 281 ಡಾಲರ್.

ಎರಡನ್ನೂ ಬೆಸೆದುಬಿಟ್ಟರೆ ಇನ್ನೂ ಗಟ್ಟಿಯಾಗುವುದಿಲ್ಲವೇ? ಆ ಪ್ರಯೋಗವೂ ನಡೆದಿದೆ. 1961ರಲ್ಲಿ ಫೋರ್ಡ್ ತನ್ನ ಕೆಲವು ಪಿಕಪ್‌ಗಳಲ್ಲಿ ಕ್ಯಾಬಿನ್ನನ್ನೂ ತೊಟ್ಟಿಯನ್ನೂ ಒಂದೇ ಒಡಲಾಗಿ ಬೆಸೆದು, ಅದನ್ನು ಷಾಸಿಯ ಮೇಲೆ ಕೂರಿಸಿತು. ಭಾರ ಹೇರಿ ಹಳ್ಳದಿಣ್ಣೆಯಲ್ಲಿ ಓಡಿಸಿದಾಗ ಷಾಸಿ ಕೊಂಚ ತಿರುಚಿಕೊಳ್ಳುತ್ತದೆ. ತೊಟ್ಟಿ ಬೇರೆಯಾಗಿದ್ದರೆ ಆ ತಿರುಚು ಸಂದಿಯಲ್ಲೇ ಕರಗಿಹೋಗುತ್ತದೆ; ಒಂದಾಗಿದ್ದರೆ ಕ್ಯಾಬಿನ್ನಿನ ಬಾಗಿಲಿನವರೆಗೂ ಮುಟ್ಟುತ್ತದೆ. ಕೆಲವೇ ವರ್ಷಗಳಲ್ಲಿ ಆ ವಿನ್ಯಾಸವನ್ನು ಕೈಬಿಡಲಾಯಿತು. ಷಾಸಿಯೇ ಇಲ್ಲದೆ ಒಡಲನ್ನೇ ಬಲವಾಗಿ ಕಟ್ಟಿದ ಪಿಕಪ್‌ಗಳೂ ಇಂದು ಇವೆ. ಅವುಗಳ ತೊಟ್ಟಿಯನ್ನು ಹೀಗೆ ಬಿಚ್ಚಲು ಬರುವುದಿಲ್ಲ.

ಮೊದಲು ಯಾವುದು, ಆಮೇಲೆ ಯಾವುದು?

ಬೋಲ್ಟು ಎಂಟೇ ಇರಬಹುದು, ಆದರೆ ಸ್ಪ್ಯಾನರ್ ಹಿಡಿಯುವ ಮುನ್ನ ಮಾಡಬೇಕಾದ್ದು ಬಹಳ. ಮೊಟ್ಟಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ತಗ್ಗಿನಲ್ಲಿ ಕಣ್ಣಿಗೆ ಕಾಣದೆ ಹರಡಿರುತ್ತದೆ. ಒಂದೇ ಒಂದು ಕಿಡಿ ಸಾಕು. ಆದ್ದರಿಂದಲೇ ಈ ಕೆಲಸ ಬಯಲಿನಲ್ಲಿ ನಡೆಯಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ನಂತರ ಪೆಟ್ರೋಲ್ ತುಂಬುವ ಬಾಯಿಯ ಬಳಿಯ ಸ್ಕ್ರೂಗಳು, ಹಿಂದೀಪದ ಮತ್ತು ನಂಬರ್ ಪ್ಲೇಟ್ ದೀಪದ ತಂತಿಗಳು, ತೊಟ್ಟಿಯಿಂದ ಷಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಬಿಚ್ಚಬೇಕು. ಬೋಲ್ಟಿನ ಸರದಿ ಬರುವುದು ಆಮೇಲೆ.

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದರಿಂದ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಇಲ್ಲಿ ಕೆಲಸಕ್ಕೆ ಬರುವುದು ಶಾಲೆಯಲ್ಲಿ ಓದಿದ ಸನ್ನೆಕೋಲಿನ ತತ್ತ್ವ. 25 ಸೆಂಟಿಮೀಟರ್ ಹಿಡಿಯ ಸ್ಪ್ಯಾನರಿಗೆ ಪೈಪು ತೂರಿಸಿ ಉದ್ದವನ್ನು 75 ಸೆಂಟಿಮೀಟರ್ ಮಾಡಿದರೆ, ಅದೇ ಕೈಬಲಕ್ಕೆ ತಿರುಗಿಸುವ ಬಲ ಮೂರರಷ್ಟಾಗುತ್ತದೆ. ಆದರೆ ಬುದ್ಧಿಯಿಲ್ಲದ ಬಲ ಬೋಲ್ಟಿನ ತಲೆಯನ್ನೇ ಮುರಿಯುತ್ತದೆ. ಬಲ್ಲವರು ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯುತ್ತಾರೆ. ತಾಳ್ಮೆಯೂ ಒಂದು ಉಪಕರಣವೇ.

ಎತ್ತುವ ಲೆಕ್ಕ

ಎತ್ತುವ ಮುನ್ನ ತೊಟ್ಟಿಯ ಹಿಂಬಾಗಿಲನ್ನು ಕಳಚಿಡುವುದು ವಾಡಿಕೆ. ಇದರಿಂದ ಭಾರ ತಗ್ಗುವುದಷ್ಟೇ ಅಲ್ಲ, ಗುರುತ್ವ ಕೇಂದ್ರವೂ ಮುಂದಕ್ಕೆ ಸರಿಯುತ್ತದೆ. ಉಳಿದ ತೊಟ್ಟಿ 160 ಕಿಲೊ ಇದೆಯೆಂದುಕೊಳ್ಳೋಣ. ನಾಲ್ಕು ಮೂಲೆಗೆ ನಾಲ್ವರು ನಿಂತರೆ ತಲೆಗೆ 40 ಕಿಲೊ ಎಂದು ಲೆಕ್ಕ ಹೇಳುತ್ತದೆ. ವಾಸ್ತವ ಬೇರೆ. ಕಾಲು ಕುಂಟಾದ ಮಂಚವನ್ನು ನೆನೆಸಿಕೊಳ್ಳಿ. ಒಂದು ಮೂಲೆಯವನು ಕೈ ಸಡಿಲಿಸಿದರೆ, ಅವನ ಎರಡು ಪಕ್ಕದ ಮೂಲೆಗಳಲ್ಲಿರುವ ಇಬ್ಬರ ಮೇಲೆಯೇ ಬಹುಪಾಲು ಭಾರ ಬೀಳುತ್ತದೆ. ಅಂದರೆ ಒಬ್ಬೊಬ್ಬರಿಗೆ 80 ಕಿಲೊ. ಆದ್ದರಿಂದ ಎಂಟು ಜನರಿರುವುದು, ‘ಒಂದು, ಎರಡು, ಮೂರು’ ಎಂದು ಹೇಳುವವನು ಒಬ್ಬನೇ ಇರುವುದು ಲೇಸು.

ಜನ ಸಾಲದಿದ್ದರೆ ಗ್ಯಾರೇಜಿನ ಚೈನ್ ಬ್ಲಾಕಿಗೆ ನಾಲ್ಕು ಪಟ್ಟಿ ಕಟ್ಟಿ ಎತ್ತುತ್ತಾರೆ. ಇಲ್ಲೂ ಒಂದು ಗಣಿತವಿದೆ. ಪಟ್ಟಿಗಳು ನೆಟ್ಟಗೆ ನಿಂತಿದ್ದರೆ ಒಂದೊಂದರ ಮೇಲೆ 40 ಕಿಲೊ ಭಾರ. ಅವು ಓರೆಯಾಗಿ, ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಎಳೆತ 80 ಕಿಲೊ ಆಗುತ್ತದೆ. ಸೈನ್ 30 ಡಿಗ್ರಿಯ ಬೆಲೆ ಅರ್ಧವೆಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದರ ಅರ್ಥ ಹೊಳೆಯುವುದು ಇಂಥ ಕಡೆ! ಪಟ್ಟಿ ಉದ್ದವಾಗಿದ್ದಷ್ಟೂ ಕೋನ ದೊಡ್ಡದು, ಎಳೆತ ಕಡಿಮೆ.

ಅನುಭವಿಗಳು ತೊಟ್ಟಿಯನ್ನು ಒಮ್ಮೆಲೇ ಎತ್ತುವುದಿಲ್ಲ. ಗೇಣುದ್ದ ಎತ್ತಿ ನಿಲ್ಲಿಸಿ, ಸುತ್ತ ಬಗ್ಗಿ ನೋಡುತ್ತಾರೆ. ಮರೆತ ತಂತಿಯೊಂದು ಬಿಗಿಯಾಗಿ ನಿಂತಿರುವುದು ಕಾಣಿಸುವುದು ಆಗಲೇ. ಎತ್ತಿದ ಭಾರದ ಅಡಿಗೆ ಮಾತ್ರ ಯಾರೂ ಕೈಯನ್ನೂ ಚಾಚಬಾರದು, ತಲೆಯನ್ನೂ ತೂರಿಸಬಾರದು. ಒಂದು ಬದಿಯನ್ನು ಮಾತ್ರ ಎತ್ತಿ ಮರದ ತುಂಡು ಕೊಟ್ಟು ಪಂಪು ಬದಲಿಸುವ ಅಡ್ಡದಾರಿಯೂ ಉಂಟು. ಆದರೆ ತುಂಡು ಜಾರಿದರೆ ಆಗುವ ಅನಾಹುತಕ್ಕೆ ಹೋಲಿಸಿದರೆ ಉಳಿಯುವ ಸಮಯ ಏನೇನೂ ಅಲ್ಲ.

ನಮ್ಮೂರ ಗಾಡಿಯಲ್ಲೂ

ನಮ್ಮಲ್ಲಿ ಅಂಗಳದಲ್ಲಿ ಇಂಥ ರಿಪೇರಿ ಮಾಡುವ ರೂಢಿ ಕಡಿಮೆ. ಆದರೆ ಕೋಲಾರದ ಟೊಮೆಟೊ ಮಂಡಿಗೆ ಬಂದು ನಿಲ್ಲುವ ಪಿಕಪ್ ಗಾಡಿಗಳನ್ನು ಗಮನಿಸಿದರೆ ಕ್ಯಾಬಿನ್ನು ಮತ್ತು ತೊಟ್ಟಿಯ ನಡುವೆ ಅದೇ ಸಂದಿ ಕಾಣುತ್ತದೆ. ಐಟಿಐಗಳ ಮೋಟಾರು ವಾಹನ ಮೆಕ್ಯಾನಿಕ್ ತರಗತಿಯ ವಿದ್ಯಾರ್ಥಿಗಳಿಗೆ ಈ ಸಂಗತಿಗಳೆಲ್ಲ ಕೈಗೆ ಸಿಗುವ ಪಾಠ. ಶಾಲೆಯಲ್ಲಿ ಓದುವ ಭೌತಶಾಸ್ತ್ರವೂ ಇದೇ.

ಮಕ್ಕಳು ಏನನ್ನಾದರೂ ಬಿಚ್ಚಲು ಕುಳಿತರೆ ‘ಕೆಡಿಸಿಬಿಡ್ತೀಯ’ ಎಂದು ಗದರಿಸುವುದು ನಮ್ಮ ಮನೆಗಳ ಅಭ್ಯಾಸ. ಪೆಟ್ರೋಲು, ಭಾರ, ವಿದ್ಯುತ್ತು ಇರುವ ಕಡೆ ತಡೆಯಲೇಬೇಕು; ಅಲ್ಲಿ ದೊಡ್ಡವರ ಜೊತೆಯಿಲ್ಲದೆ ಕೈ ಹಾಕುವಂತಿಲ್ಲ. ಆದರೆ ಕೆಟ್ಟ ಟೇಬಲ್ ಗಡಿಯಾರವನ್ನೋ ಹಳೆಯ ಸೈಕಲ್ಲಿನ ಪೆಡಲನ್ನೋ ಮಗಳ ಮುಂದಿಟ್ಟು, ಕಳಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸು ಎಂದರೆ ನಷ್ಟವೇನೂ ಇಲ್ಲ. ಯಾವುದನ್ನು ಕೊನೆಗೆ ಬಿಚ್ಚಿದೆವೋ ಅದನ್ನು ಮೊದಲು ಕೂರಿಸಬೇಕು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಎಂಟು ಬೋಲ್ಟಿನ ತೊಟ್ಟಿಯೂ ನಾಲ್ಕು ಸ್ಕ್ರೂವಿನ ಗಡಿಯಾರವೂ ತಮ್ಮ ಜಾಗಕ್ಕೆ ಮರಳುತ್ತವೆ.