ಎಂಸಿಬಿ ಕಾಯುವುದು ವಯರನ್ನು, ನಮ್ಮನ್ನಲ್ಲ

ಸಾಂಕೋಲೆ: ಇಲ್ಲಿನ ಝುವಾರಿನಗರದಲ್ಲಿ ಕನ್ನಡಿಗರ ಕುಟುಂಬಗಳು ಬಹಳ. ಎಂಸಿಬಿ ಇದ್ದರೆ ಶಾಕ್ ಹೊಡೆಯದು ಎಂಬ ನಂಬಿಕೆ ಗೋವಾದಲ್ಲೂ ಉಂಟು, ಗಡಿಯಾಚೆ ಕಾರವಾರದ ಕಡೆಯೂ ಉಂಟು. ಅದು ಪೂರ್ತಿ ನಿಜವಲ್ಲ.

ಕರೆಂಟಿಗೆ ಹೋಗುವ ದಾರಿಯಷ್ಟೇ ಸಾಲದು, ಮರಳುವ ದಾರಿಯೂ ಬೇಕು. ಫೇಸ್ ವಯರಿನಲ್ಲಿ ಬಂದು, ನೀರು ಕಾಯಿಸುವ ರಾಡಿನ ಕಾಯಿಲ್ ಹಾದು, ನ್ಯೂಟ್ರಲ್‌ನಲ್ಲಿ ಹಿಂದಿರುಗಿದರೆ ಸರ್ಕ್ಯೂಟ್ ಪೂರ್ಣ. ಸ್ವಿಚ್ ಆರಿಸಿದರೆ ಈ ಸುತ್ತು ಒಂದೆಡೆ ತುಂಡಾಗುತ್ತದೆ, ಅಷ್ಟೇ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ: 1000 ವಾಟಿನ ರಾಡಿಗೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್.

ರಾಡ್ ಕೆಟ್ಟು ನೀರಿಗೆ ಕರೆಂಟ್ ಇಳಿಯಿತೆನ್ನಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೈ ಅದ್ದಿದವರ ಮೈಯೇ ಆಗ ಮರಳುವ ದಾರಿ! ಜೀವ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದನ್ನು ಹಾಕುವುದು ವಯರ್ ಸುಡದಿರಲೆಂದು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಅರ್ಥಿಂಗಿನದು. ರಾಡಿನ ಲೋಹದ ಮೈಗೆ ಸೋರಿದ ಕರೆಂಟ್ ಅದರ ಮೂಲಕ ಸುಲಭವಾಗಿ ನೆಲಕ್ಕೆ ಹೋಗುತ್ತದೆ. ಪಕ್ಕದ ಮನೆಯಿಂದ ಎರಡೇ ತಂತಿಯ ವಯರ್ ಎಳೆದ ಕೋಣೆಯಲ್ಲಿ ಆ ಪಿನ್ ಇದ್ದೂ ಇಲ್ಲದಂತೆ. (ಅದನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸುವ ಜಾಣರೂ ಇದ್ದಾರೆ.)

ಮನುಷ್ಯರನ್ನು ಕಾಯಲೆಂದೇ ಇರುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ನೋಡುತ್ತಲೇ ಇರುತ್ತದೆ. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕ್ಷಣದೊಳಗೆ ಲೈನ್ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅಂದೇ ಬದಲಿಸಿ.