ದೂರದ ಹಾದಿಗೆ ಪಿಕಪ್ ಗಾಡಿಯ ಸಿದ್ಧತೆ



ಎತ್ತಿನ ಗಾಡಿ ಕಟ್ಟಿಕೊಂಡು ದೂರದ ಸಂತೆಗೆ ಹೊರಡುವಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಕಡಾಣಿ ಬಿಗಿಯಾಗಿದೆಯೆ ಎಂದು ನೋಡುತ್ತಿದ್ದರು. ಎತ್ತಿನ ಲಾಳ ಸವೆದಿದ್ದರೆ ಹೊಸದು ಕಟ್ಟಿಸುತ್ತಿದ್ದರು. ಇಂದು ಆ ಜಾಗದಲ್ಲಿ ಪಿಕಪ್ ಗಾಡಿ ನಿಂತಿದೆ. ಆದರೆ ಒಂದು ವ್ಯತ್ಯಾಸವುಂಟು. ಹೇರು ಹೆಚ್ಚಾದರೆ ಎತ್ತು ನಿಂತುಬಿಡುತ್ತದೆ. ಯಂತ್ರ ನಿಲ್ಲುವುದಿಲ್ಲ, ಹೇರಿದಷ್ಟನ್ನೂ ಹೊತ್ತು ಹೊರಟೇಬಿಡುತ್ತದೆ. ಅಪಾಯ ಇರುವುದು ಅಲ್ಲೇ ನೋಡಿ.

ಹಾಸನದ ಕಡೆಯಿಂದ ಮಂಗಳೂರಿಗೆ ಟೊಮೇಟೊ ಒಯ್ಯುತ್ತೀರಿ ಎನ್ನೋಣ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಹೊರಡುವ ಮುನ್ನ ಗಾಡಿಯ ನೋಂದಣಿ ಪತ್ರ ತೆಗೆದು ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ, ಭಾರ ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟು 2,800 ಕಿಲೋ, ಖಾಲಿ 1,600 ಕಿಲೋ ಎಂದಿದ್ದರೆ ಉಳಿದದ್ದು 1,200. ಚಾಲಕ ಮತ್ತು ಜೊತೆಗಾರರಿಗೆ 200 ಕಿಲೋ ಕಳೆಯಿರಿ. ಮಾಲಿಗೆ ಉಳಿದದ್ದು 1,000 ಕಿಲೋ. ತುಂಬಿದ ಕ್ರೇಟು 17 ಕಿಲೋ ತೂಗಿದರೆ 58 ಕ್ರೇಟು, ಅಷ್ಟೇ. ಬೆಲೆ ಬಂದಿದೆ ಅಂತ 80 ಕ್ರೇಟು ಏರಿಸಿದರೆ 360 ಕಿಲೋ ಹೆಚ್ಚಾಯಿತು.

“ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿ ಹಾಕಿಸಿದರೆ ಆಯಿತಲ್ಲ?” ಎಂದು ಕೇಳುವವರಿದ್ದಾರೆ. ಕಮಾನು ಗಟ್ಟಿಯಾಯಿತು, ನಿಜ. ಆದರೆ ಬ್ರೇಕು, ಅಚ್ಚು, ಟೈರು ಇವೆಲ್ಲ ಮೊದಲಿನವೇ ತಾನೆ? ಗಾಡಿ ಕುಸಿಯದೆ ನಿಂತದ್ದರಿಂದ ಭಾರ ಹೆಚ್ಚಾದದ್ದು ಕಣ್ಣಿಗೆ ಕಾಣದು, ಇಳಿಜಾರಿನಲ್ಲಿ ಮಾತ್ರ ಗೊತ್ತಾಗುತ್ತದೆ. ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ. ಅದಕ್ಕೆ 2019ರಲ್ಲಿ ಬಂದ ತಿದ್ದುಪಡಿಯಂತೆ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಇಪ್ಪತ್ತೆರಡು ಕ್ರೇಟಿನ ಲಾಭ ಎಲ್ಲಿ ಹೋಯಿತು, ನೀವೇ ಲೆಕ್ಕ ಹಾಕಿ.

ಇನ್ನು ಟೈರು. ಬೆಳಿಗ್ಗೆ ಗಾಡಿ ಓಡುವ ಮೊದಲು, ಟೈರು ತಣ್ಣಗಿದ್ದಾಗ ಗಾಳಿ ನೋಡಿಸಿ. ಎಷ್ಟಿರಬೇಕೆಂಬುದು ಬಾಗಿಲ ಬಳಿಯ ಪಟ್ಟಿಯಲ್ಲೋ ಗಾಡಿಯ ಕೈಪಿಡಿಯಲ್ಲೋ ಇರುತ್ತದೆ. ಭಾರ ತುಂಬಿದಾಗಿನ ಅಂಕಿಯನ್ನೇ ಹಿಡಿಯಿರಿ. ಓಡಿ ಬಿಸಿಯಾದಾಗ ಗಾಳಿಯ ಒತ್ತಡ ಏರುವುದು ಸಹಜ. ಆಗ ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಮಡಚಿ ಮಡಚಿ ಕಾಯ್ದು ಒಡೆಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯದಾಗಿ ಪಕ್ಕೆ ಬಿರುಕು ಬಿಟ್ಟಿದ್ದರೆ, ಗೀರು ಎಷ್ಟೇ ಆಳವಿದ್ದರೂ ನಂಬಬೇಡಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಜಾಕಿ, ಸ್ಪ್ಯಾನರು ಮೂಟೆಗಳ ಅಡಿಯಲ್ಲಿ ಸಿಕ್ಕಿಬೀಳದಿರಲಿ.

ಬ್ರೇಕಿನ ಮಾತು ಎಲ್ಲಕ್ಕಿಂತ ದೊಡ್ಡದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಘಾಟಿಯಲ್ಲಿ ಬ್ರೇಕು ತುಳಿದೇ ಇಳಿದರೆ ಆ ಪಸೆ ಕುದಿದು ಆವಿಯ ಗುಳ್ಳೆಯಾಗುತ್ತದೆ. ಎಣ್ಣೆ ಒತ್ತಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಪೆಡಲು ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಕೈಪಿಡಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಈ ಎಣ್ಣೆ ಬದಲಾಯಿಸಿ. ಘಾಟಿ ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಗಾಡಿಯನ್ನು ಎಂಜಿನ್ನೇ ತಡೆದು ಹಿಡಿಯುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಕೆಲವರಿಗಿದೆ. ಈಚಿನ ಡೀಸೆಲ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದು ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಎಂಜಿನ್ನಿಗೆ ಡೀಸೆಲ್ ಬೇಕು! ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಸಿಗುವ ಸಹಾಯ ತಪ್ಪಿ ಪೆಡಲು ಕಲ್ಲಾಗುತ್ತದೆ.

ಹಾಗಾದರೆ ಗಾಡಿಗೆ ಏನನ್ನೂ ಸೇರಿಸಬಾರದೆ? ಸೇರಿಸಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ, ಹೀಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಗಾಡಿ ಕೆಟ್ಟು ನಿಂತಾಗ ರಸ್ತೆಯಲ್ಲಿಡಲು ಹೊಳೆಯುವ ತ್ರಿಕೋನ, ಗಾಲಿಗೆ ಕೊಡಲು ಮರದ ತುಂಡು, ಬೆಂಕಿ ಆರಿಸುವ ಸಿಲಿಂಡರು, ಗಟ್ಟಿ ಟಾರ್ಪಾಲು, ಒಳ್ಳೆಯ ಹಗ್ಗ ಇರಲಿ. ಪಾಟು ಅಥವಾ ದೀಪ ಕೂಡಿಸುವುದಾದರೆ ಸಣ್ಣ ತಂತಿ ಹೊಸೆದು ಕೂಡಿಸಬೇಡಿ. ತಂತಿ ಕಾಯ್ದು ಬೆಂಕಿ ಹತ್ತುತ್ತದೆ. ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಫ್ಯೂಸು ಸಹಿತ ಹಾಕಿಸಿ. ಎದುರಿನವನ ಕಣ್ಣು ಕುಕ್ಕುವ ದೀಪವಂತೂ ಬೇಡ. ರೇಡಿಯೇಟರಿನ ನೀರನ್ನು ಎಂಜಿನ್ ತಣ್ಣಗಿದ್ದಾಗಲೇ ನೋಡಿ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ.

ಕೊನೆಯದಾಗಿ ತಾಯಂದಿರಿಗೂ ಒಂದು ಮಾತು. ಜಾತ್ರೆಗೆ, ಮದುವೆ ದಿಬ್ಬಣಕ್ಕೆ, ಕೂಲಿಗೆ ಅಂತ ಮಕ್ಕಳು ಮರಿಗಳನ್ನು ಪಿಕಪ್ಪಿನ ಹಿಂದೆ ಹತ್ತಿಸಬೇಡಿ. ಅದು ಮಾಲು ಹೇರುವ ಜಾಗ. ಅಲ್ಲಿ ಹಿಡಿದುಕೊಳ್ಳಲು ಆಸರೆಯಿಲ್ಲ, ಬೆಲ್ಟಿಲ್ಲ. ಗಾಡಿ ಮಗುಚಿದರೆ ಮೊದಲು ಹೊರಗೆ ಬೀಳುವವರು ಅವರೇ. ಹಾಗೆಯೇ, ಹಗಲೆಲ್ಲ ಹೊಲದಲ್ಲಿ ದುಡಿದ ಮಗನನ್ನು ರಾತ್ರಿಯೇ ಗಾಡಿ ಹತ್ತಿಸಿ ಕಳಿಸಬೇಡಿ. ನಾಲ್ಕು ಗಂಟೆ ಮಲಗಲಿ, ಆಮೇಲೆ ಹೊರಡಲಿ. ಮಾರುಕಟ್ಟೆಗೆ ತಡವಾದರೆ ಕ್ರೇಟಿಗೆ ಹತ್ತು ರೂಪಾಯಿ ಹೋದೀತು. ಅದನ್ನು ಮುಂದಿನ ಬೆಳೆಯಲ್ಲಿ ಸಂಪಾದಿಸಬಹುದು.