ಚಿತ್ರಪುಸ್ತಕದಲ್ಲಿ ಇಲ್ಲದ ಪುಟ

ಮನೆಯನ್ನರಸಿ ಅಲೆಯುವ ಪ್ರಾಣಿಯ ಕಥೆ ಮಕ್ಕಳ ಚಿತ್ರಪುಸ್ತಕಗಳಲ್ಲಿ ಹಳೆಯದು. ಕೊನೆಯ ಪುಟದಲ್ಲಿ ಅದಕ್ಕೊಂದು ಬೆಚ್ಚನೆಯ ನೆಲೆ ಸಿಗುತ್ತದೆ. ಆ ನೆಲೆಗಾಗಿ ಜಾಗ ತೆರವು ಮಾಡಿದವರು ಯಾರೆಂಬ ಪುಟ ಮಾತ್ರ ಇರುವುದಿಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ವಯಸ್ಸು ಕಳೆದ ನನಗೆ, ಮೊಮ್ಮಗಳಿಗೆ ಇಂಥ ಪುಸ್ತಕ ಓದಿ ಹೇಳುವಾಗಲೆಲ್ಲ ಕಾಡುವುದು ಆ ಇಲ್ಲದ ಪುಟವೇ.

ಶಿವಮೊಗ್ಗದ ಮಕ್ಕಳು ಸಿಂಹವನ್ನು ಕಾಣುವುದು 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮದಲ್ಲಿ, ಬೇಲಿಯೊಳಗೆ. ಏಷ್ಯಾದ ಸಿಂಹ ಸ್ವತಂತ್ರವಾಗಿ ಉಳಿದಿರುವುದು ಗುಜರಾತಿನ ಗಿರ್ ಹಾಗೂ ಅದರ ಆಸುಪಾಸಿನಲ್ಲಷ್ಟೇ. ಒಂದೇ ನೆಲೆಗೆ ಸಾಂಕ್ರಾಮಿಕ ತಗುಲಿದರೆ ಸಂತತಿಯೇ ಅಳಿದೀತೆಂದು ಮಧ್ಯಪ್ರದೇಶದ ಕುನೊದಲ್ಲಿ ಎರಡನೆಯ ಮನೆ ಅಣಿಯಾಯಿತು. ಅದಕ್ಕಾಗಿ 24 ಹಳ್ಳಿಗಳ ಜನರನ್ನು ಎಬ್ಬಿಸಲಾಯಿತು. ಆರು ತಿಂಗಳಲ್ಲಿ ಸಿಂಹಗಳನ್ನು ಸಾಗಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಗುಜರಾತು ಬಿಟ್ಟುಕೊಡಲಿಲ್ಲ. 2018ರಲ್ಲಿ ಗಿರ್‌ನ ಸಿಂಹಗಳು ಸೋಂಕಿಗೆ ಬಲಿಯಾದವು. ಆಗಲೂ ಯಾರೂ ಕದಲಲಿಲ್ಲ. 2022ರಲ್ಲಿ ಕುನೊಗೆ ಬಂದದ್ದು ನಮೀಬಿಯಾದ ಚೀತಾ. ಹಳ್ಳಿಗರು ಮನೆ ಬಿಟ್ಟದ್ದು ಯಾರಿಗಾಗಿ?

ಈ ಲೆಕ್ಕ ನಮ್ಮ ಜಿಲ್ಲೆಗೂ ಹೊಸದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಅನೇಕ ಕುಟುಂಬಗಳಿಗೆ ಶೆಟ್ಟಿಹಳ್ಳಿ ಸೀಮೆಯ ಕಾಡಿನಲ್ಲಿ ಜಾಗ ತೋರಿಸಲಾಯಿತು. ಅವರು ಬೇರೂರುವಷ್ಟರಲ್ಲಿ, 1974ರಲ್ಲಿ, ಆ ಕಾಡು ಅಭಯಾರಣ್ಯವೆಂದು ಘೋಷಣೆಯಾಯಿತು. ಎರಡೂ ಆದೇಶಗಳನ್ನು ಹೊರಡಿಸಿದ್ದು ಒಂದೇ ಸರ್ಕಾರ. ಅಂದು ಬಂದವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಇನ್ನೂ ಅಲೆಯುತ್ತಿದ್ದಾರೆ.